ಎಣ್ಣೆ ಗಿಂಡಿಯ ತವರು

ನಮ್ಮೂರಿಗೆ ಹೊಸದಾಗಿ ಬಂದವರು ಜಾರಿ ಬೀಳುವುದು ನಮ್ಮ ಬೀದಿಯಲ್ಲೇ. ಬಿದ್ದವರು ಎದ್ದು, ಸೊಂಟ ನೀವಿಕೊಳ್ಳುತ್ತಾ, ಮಳೆಯಿಲ್ಲ, ಪಾಚಿಯಿಲ್ಲ, ಈ ಕಲ್ಲು ಯಾಕ್ರೀ ಹೀಗೆ ಮಿರಮಿರ ಮಿಂಚುತ್ತೆ ಎಂದು ಕೇಳುತ್ತಾರೆ. ಜಗಲಿಯ ಮೇಲೆ ಕೂತ ಯಾರಾದರೂ ನಮ್ಮ ಮನೆಯತ್ತ ಕೈ ತೋರಿಸಿ, "ಅದು ಕಾಳಪ್ಪಾಚಾರಿ ಮನೆ ಗಿಂಡಿಗಳು ತವರಿಗೆ ಬಂದ ದಾರಿ ಸ್ವಾಮಿ, ಮೂರು ತಲೆಮಾರಿನ ಎಣ್ಣೆ" ಎನ್ನುತ್ತಾರೆ. ನಗುತ್ತಲೇ ಹೇಳುತ್ತಾರೆ. ಆ ನಗು ಕೇಳಿ ಕೇಳಿಯೇ ನಾನು ಬೆಳೆದದ್ದು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರವರು ದೂರುತ್ತಾರಲ್ಲ, ತಪ್ಪು ಯಾರದು ನೀವೇ ಹೇಳಿ.

ನಮ್ಮೂರಿನಲ್ಲಿ ಕೈಗೆ ಒಗ್ಗದ ವಸ್ತು ಮನೆಯಲ್ಲಿ ನಿಲ್ಲುವುದಿಲ್ಲ. ಕುರ್ಚಿ ಬೆನ್ನು ನೋಯಿಸಿದರೆ, ತೊಳೆಯಲು ಕೈ ಹೋಗದಷ್ಟು ಚೊಂಬಿನ ಕಂಠ ಕಿರಿದಾದರೆ, ಬಾಗಿಲ ಚಿಲಕ ಬೆರಳು ಕಚ್ಚಿದರೆ, ಮನೆಯವರು ಬೈದುಕೊಂಡು ಸ್ವಲ್ಪ ಕಾಲ ಸಹಿಸುತ್ತಾರೆ. ವಸ್ತುವೂ ಸಹಿಸುತ್ತದೆ. ಆಮೇಲೆ ಒಂದು ಬೆಳಗ್ಗೆ ಎದ್ದು, ತನ್ನನ್ನು ಮಾಡಿದವರ ಮನೆಗೆ ಹೊರಟುಬಿಡುತ್ತದೆ. ಕಾಲಿದ್ದವು ಕಾಲಲ್ಲಿ, ಇಲ್ಲದವು ಹೇಗೋ. ಚಿಲಕ ಹೊರಟಾಗ ಬಾಗಿಲೂ ಹಿಂದೆ ಹೋದದ್ದುಂಟು. ಇದಕ್ಕೆ ನಾವು ತವರಿಗೆ ಬರುವುದು ಎನ್ನುತ್ತೇವೆ. ಹಾಗೆ ಬಂದದ್ದನ್ನು ಹೊಸ್ತಿಲಲ್ಲಿ ಗದರುವಂತಿಲ್ಲ. ಅರಿಸಿನದ ನೀರು ಹಾಕಿ, ಕುಂಕುಮ ಇಟ್ಟು, ಒಳಗೆ ಕರೆದು, "ಏನಾಯ್ತು ಮಗಳೇ?" ಎಂದು ಕೇಳಬೇಕು. ಅದು ಬಾಯಿ ಬಿಡುವುದಿಲ್ಲ. ನಾವೇ ತಿರುಗಿಸಿ ಮುರುಗಿಸಿ ನೋಡಿ ತಿಳಿದುಕೊಳ್ಳಬೇಕು.

ನನ್ನ ಮುತ್ತಜ್ಜ ಕಾಳಪ್ಪಾಚಾರಿಯವರ ಕಾಲದಲ್ಲಿ ಇದೆಲ್ಲ ಸಲೀಸಾಗಿತ್ತಂತೆ. ಒಬ್ಬ ಬಡಗಿ, ಒಬ್ಬ ಕುಂಬಾರ, ಕಂಚುಗಾರರು ನಾವು. ಯಾರ ಕೈ ಎಷ್ಟು ದೊಡ್ಡದು, ಯಾರ ಸೊಂಟ ಎಷ್ಟು ಅಗಲ ಎಂಬುದು ಮಾಡುವವರಿಗೆ ಬಾಯಿಪಾಠ. ಆಮೇಲೆ ಊರಾಚೆ ಕಾರ್ಖಾನೆ ಬಂತು. ಅಲ್ಲಿ ಎಲ್ಲರಿಗೂ ಒಂದೇ ಅಚ್ಚು. ಮೊದಲ ಸರಕು ಎನಾಮಲ್ ಮಗ್ಗು. ನೋಡಲು ಹಾಲಿನ ಹಾಗೆ ಬೆಳ್ಳಗೆ, ಹಿಡಿಯೊಳಗೆ ಮಾತ್ರ ಒಂದೇ ಬೆರಳು ಹೋಗುತ್ತಿತ್ತು. ಹಬ್ಬ ಕಳೆಯುವುದರೊಳಗೆ ಊರಿನ ಮಗ್ಗುಗಳೆಲ್ಲ ಒಟ್ಟಿಗೆ ಹೊರಟವು. ಮದುವೆಯ ದಿಬ್ಬಣದ ಹಾಗೆ ಠಣ್ ಠಣ್ ಅಂತ ಸದ್ದು ಮಾಡುತ್ತಾ ಹೋಗಿ ಕಾರ್ಖಾನೆಯ ಗೇಟಿನ ಮುಂದೆ ಜಮಾಯಿಸಿದವು. ಪಾಪ, ಪರವೂರಿನ ಮ್ಯಾನೇಜರು ಒಳಗೆ ಹೋಗಲು ದಾರಿಯಿಲ್ಲದೆ ಸೈಕಲ್ ಹಿಡಿದುಕೊಂಡು ನಿಂತಿದ್ದರಂತೆ. ಅಷ್ಟಕ್ಕೂ ಅರಿಸಿನದ ನೀರು ಹಾಕಬೇಕಲ್ಲ, ಡ್ರಮ್ಮಿನಲ್ಲಿ ಕದಡಿ ಪೈಪಿನಿಂದ ಹೊಡೆದರು. ಅವತ್ತು ಹಳದಿಯಾದ ಗೇಟು ಇವತ್ತಿಗೂ ಹಳದಿ.

ಅದಾದ ಮೇಲೆ ಒಲೆ ನೆಲದಿಂದ ಎದ್ದು ಕಟ್ಟೆ ಹತ್ತಿದ ಕಾಲ ಬಂತು. ಹೆಂಗಸರು ಕೂತು ಮಾಡುತ್ತಿದ್ದ ಅಡಿಗೆಯನ್ನು ನಿಂತು ಮಾಡತೊಡಗಿದರು. ಕೂತು ಹೆಚ್ಚುವುದಕ್ಕೇ ಹುಟ್ಟಿದ ಈಳಿಗೆಮಣೆಗೆ ಇನ್ನೇನು ಕೆಲಸ? ಊರಿನ ಈಳಿಗೆಮಣೆಗಳೆಲ್ಲ ಕತ್ತೆತ್ತಿಕೊಂಡು ಬೀದಿಗಿಳಿದವು. ನಾಯಿಗಳೂ ದಾರಿ ಬಿಟ್ಟವು ಎಂದು ನಮ್ಮಜ್ಜಿ ಹೇಳಿ ಹೇಳಿ ನಗುತ್ತಿದ್ದರು. ಮಾಡಿದವರು ತೀರಿಕೊಂಡಿದ್ದರೆ ಅವರ ಮೊಮ್ಮಕ್ಕಳ ಮನೆ ಹುಡುಕಿಕೊಂಡು ಹೋದವಂತೆ.

ಪೆಟ್ಟು ತಿಂದ ಕಾರ್ಖಾನೆ ಬುದ್ಧಿ ಕಲಿಯಿತು. ಹೊಸ ವಸ್ತು ಯಾವುದೇ ಇರಲಿ, ಮೊದಲು ಒಂದನ್ನು ಮಾತ್ರ ಮಾಡಿ, ಊರಿನಲ್ಲಿ ಯಾರಿಗೆ ಯಾವುದೂ ಹಿಡಿಸುವುದಿಲ್ಲವೋ ಅವರ ಮನೆಗೆ ಕೊಡಬೇಕು. ಈ ಗೌರಿ ಹಬ್ಬದಿಂದ ಮುಂದಿನ ಗೌರಿಯನ್ನು ಕಳಿಸುವ ದಿನದವರೆಗೆ ಅದು ಅಲ್ಲೇ ಉಳಿದರೆ, ಮಾಡಿದವರಿಗೆ ಹಿತ್ತಾಳೆಯ ಮುದ್ರೆ, ಸ್ವಂತ ಕುಲುಮೆ, ಮನೆಮನೆಗೆ ಹೋಗುವ ವಸ್ತುವಿನ ತಳದಲ್ಲಿ ಅವರ ಹೆಸರು. ತಿರುಗಿ ಬಂದರೆ ಕಾರ್ಖಾನೆಯ ಮುಚ್ಚಳದ ಸೆಕ್ಷನ್ನು. ಮುಚ್ಚಳಕ್ಕೆ ಸ್ವಂತ ಬದುಕಿಲ್ಲ ನೋಡಿ; ಪಾತ್ರೆ ಹೋದಲ್ಲಿಗೆ ಹೋಗುತ್ತದೆ, ಅದನ್ನು ಬೈಯುವವರೂ ಇಲ್ಲ, ಹೊಗಳುವವರೂ ಇಲ್ಲ. ಒಬ್ಬರಿಗೆ ಒಂದೇ ಅವಕಾಶ.

ನನ್ನ ಮುತ್ತಜ್ಜ, ಅಜ್ಜ, ಅಪ್ಪ ಮೂವರೂ ಇದ್ದೊಂದು ಅವಕಾಶವನ್ನು ಎಣ್ಣೆ ಗಿಂಡಿಯ ಮೇಲೇ ಕಳೆದರು. ಎಣ್ಣೆ ಗಿಂಡಿ ಅಂದರೆ ನಿಮ್ಮ ಮನೆಯಲ್ಲೂ ಇರುವುದೇ, ಒಲೆಯ ಪಕ್ಕ ಮೂತಿ ಮುಂದೆ ಮಾಡಿಕೊಂಡು ಕೂತಿರುತ್ತದಲ್ಲ, ಅದು. ಎಣ್ಣೆ ಸುರಿದಾದ ಮೇಲೆ ಕೊನೆಯ ತೊಟ್ಟು ಬಾಣಲೆಗೂ ಬೀಳದೆ, ಒಳಕ್ಕೂ ಹೋಗದೆ, ಮೂತಿಯಿಂದ ಕತ್ತಿಗೆ, ಕತ್ತಿನಿಂದ ಹೊಟ್ಟೆಗೆ ಇಳಿಯುತ್ತದೆ. ತಳಕ್ಕೊಂದು ಹಳೇ ಪೇಪರು, ಮೈಗೆಲ್ಲ ಜಿಡ್ಡು, ಜಿಡ್ಡಿಗೆ ಒಗ್ಗರಣೆಯ ಹೊಗೆ. ಮುಟ್ಟಿದವರು ಇಸ್ಸಿ ಎಂದು ಕೈ ಒರೆಸಿಕೊಳ್ಳಬೇಕು. ಮುತ್ತಜ್ಜ ಮೂತಿಯನ್ನು ಉದ್ದ ಮಾಡಿದರು, ಬಂತು. ಅಜ್ಜ ಬಗ್ಗಿಸಿದರು, ಬಂತು. ಅಪ್ಪ ಮೂತಿಗೊಂದು ಬಿರಡೆ ಹಾಕಿದರು, ಅದು ಎಲ್ಲಕ್ಕಿಂತ ಬೇಗ ಬಂತು. ಬರುವಾಗ ದಾರಿಯುದ್ದಕ್ಕೂ ತೊಟ್ಟಿಕ್ಕಿಸಿಕೊಂಡೇ ಬಂತು. ಬೀದಿಯ ಕಲ್ಲಿನಲ್ಲಿ ತಮ್ಮ ಎಣ್ಣೆ ಎಲ್ಲಿ, ಅಜ್ಜನದೆಲ್ಲಿ ಎಂದು ಅಪ್ಪ ಈಗಲೂ ಗುರುತು ಹಿಡಿಯುತ್ತಾರೆ. ಮೂರೂ ಗಿಂಡಿಗಳು ನಮ್ಮ ನಡುಮನೆಯ ಗೂಡಿನಲ್ಲಿ ಸಾಲಾಗಿ ಕೂತಿವೆ, ಮತ್ತೆ ಯಾವ ಮನೆಗೂ ಹೋಗಲಿಲ್ಲ. ಅಪ್ಪ ಜೀವಮಾನವೆಲ್ಲ ಮುಚ್ಚಳ ಬಡಿದರು.

ನನ್ನ ಸರದಿ ಬಂದಾಗ ಊರೆಲ್ಲ ಬುದ್ಧಿ ಹೇಳಿತು. "ಪದ್ಮಾಕ್ಷಿ, ಸೌಟು ಮಾಡಮ್ಮ. ಸೌಟು ಯಾವತ್ತೂ ತವರಿಗೆ ಬಂದಿಲ್ಲ," ಎಂದರು ಮುದ್ರೆಯ ಯಜಮಾನ ಬೋರಲಿಂಗಪ್ಪನವರು. ಕಾರ್ಖಾನೆಯ ಪರವಾಗಿ ಮುದ್ರೆ ಕೊಡುವ, ಕೊಡದಿರುವ ಅಧಿಕಾರ ಅವರದು. ನಾನು, "ಆಗಲ್ಲ ಯಜಮಾನ್ರೇ, ನಾನು ಗಿಂಡೀನೇ ಮಾಡೋದು" ಎಂದೆ. ಅವರು ಅಪ್ಪನ ಮುಖ ನೋಡಿದರು. ಅಪ್ಪ ಆಕಾಶ ನೋಡಿದರು.

ನಾನು ಗಿಂಡಿ ನೋಡುವುದನ್ನು ಬಿಟ್ಟು ಹೆಂಗಸರ ಕೈ ನೋಡಿದೆ. ಯಾರ ಮನೆಯ ಅಡಿಗೆಗೆ ಹೋದರೂ ಒಂದೇ ಆಟ: ಎಣ್ಣೆ ಸುರಿಯುವುದು, ಗಿಂಡಿ ಎತ್ತುವುದು, ಮೂತಿಯಲ್ಲಿ ನಿಂತ ತೊಟ್ಟನ್ನು ತೋರುಬೆರಳಲ್ಲಿ ಒರೆಸುವುದು, ಬೆರಳನ್ನು ತಲೆಗೂದಲಿಗೆ ಸವರಿಕೊಳ್ಳುವುದು. ಹುಟ್ಟಿದಾಗಿನಿಂದ ನೋಡಿದ್ದೇ, ಆದರೆ ನೋಡಿರಲಿಲ್ಲ. ಆ ಬೆರಳಿನ ಕೆಲಸವನ್ನು ಗಿಂಡಿಯೇ ಮಾಡಿದರೆ? ಮೂತಿಯ ತುದಿಯನ್ನು ಎಲೆಯಷ್ಟು ತೆಳ್ಳಗೆ ಬಡಿದು ಕೆಳಕ್ಕೆ ಮಡಿಸಿದೆ. ಅದರ ಸುತ್ತ ಒಂದು ಪುಟ್ಟ ಬಟ್ಟಲು, ಬಟ್ಟಲಿನ ತಳದಿಂದ ಹೊಟ್ಟೆಯೊಳಕ್ಕೆ ಒಂದು ತೂತು. ಜಾರಿದ ತೊಟ್ಟು ಬಟ್ಟಲಿಗೆ ಬಿದ್ದು ಒಳಗೇ ಹೋಗಬೇಕು. ಎಷ್ಟು ಮಾಡಿದೆನೋ, ಎಷ್ಟು ಹಾಳು ಮಾಡಿದೆನೋ. ಒಂದು ಮಧ್ಯಾಹ್ನ ಅಪ್ಪ ಎಣ್ಣೆ ಸುರಿದು, ಗಿಂಡಿಯ ಹೊಟ್ಟೆಯನ್ನು ಸವರಿ, ಅಂಗೈಯನ್ನು ನೋಡಿಕೊಂಡರು. ಹೋಗಿ ಕುಂಕುಮದ ಬಟ್ಟಲು ತಂದು ಅದರ ಹಣೆಗಿಟ್ಟರು.

ಪರೀಕ್ಷೆಯ ಮನೆ ಚೆನ್ನಾಜಮ್ಮನವರದು. ಆ ಮನೆಯನ್ನು ನೀವು ನೋಡಬೇಕಿತ್ತು. ಕುರ್ಚಿಯಿಲ್ಲ, ಮಂಚವಿಲ್ಲ, ಕನ್ನಡಿಯಿಲ್ಲ. ಎಲ್ಲವೂ ಅವರ ಬಾಯಿಗೆ ಹೆದರಿಯೋ, ಕೈಗೆ ಒಗ್ಗದೆಯೋ ತವರು ಸೇರಿದ್ದವು. ಒಂದು ಚಾಪೆ, ಒಂದು ಬಾಣಲೆ, ಒಂದು ಸೌಟು, ಮತ್ತು ನಡುವೆ ಮಹಾರಾಣಿಯ ಹಾಗೆ ಅವರು. ಹಬ್ಬದ ಮಾರನೆಯ ದಿನ ಗಿಂಡಿಯನ್ನು ಒಪ್ಪಿಸಿ ಬಂದೆ. ಆಮೇಲೆ ವರ್ಷವಿಡೀ ಮಾಡಿದವರು ಆ ಬೀದಿ ತುಳಿಯುವಂತಿಲ್ಲ, ನಿಯಮ.

ಹಾಗಾಗಿ ಸುದ್ದಿ ನನಗೆ ನೀರು ಸೇದುವ ಕಡೆ ಸಿಗಬೇಕು. ಮೊದಮೊದಲು ಬಂದ ಸುದ್ದಿ ಇದು. ಚೆನ್ನಾಜಮ್ಮ ರೂಢಿಯಂತೆ ಮೂತಿ ಒರೆಸಿ, ಬೆರಳು ತಲೆಗೆ ಸವರಿ, ಬೆರಳು ಒಣಗಿದ್ದು ಕಂಡು, "ಇದೆಂಥಾ ಜಿಪುಣ ಗಿಂಡಿನೇ! ತಲೆಗೊಂದು ತೊಟ್ಟು ಕೊಡೋಕೂ ಮನಸ್ಸಿಲ್ಲ!" ಎಂದು ಬೀದಿಗೆ ಕೇಳುವಂತೆ ಕೂಗಿದರಂತೆ. ಅವತ್ತಿನಿಂದ ದಿನಾ ಬೆಳಗ್ಗೆ ಬಾಗಿಲನ್ನು ಮೊದಲು ಬೆರಳಷ್ಟೇ ತೆಗೆದು ಇಣುಕುತ್ತಿದ್ದೆ. ಹೊಸ್ತಿಲು ಖಾಲಿಯಿದ್ದರೆ ಉಸಿರು ಬಿಟ್ಟು ನೀರು ಹಾಕುತ್ತಿದ್ದೆ. ಶ್ರಾವಣ ಮುಗಿಯಿತು, ಭಾದ್ರಪದ ಬಂತು. ಗೌರಿ ಹಬ್ಬದ ಹಿಂದಿನ ದಿನ ನಾನು ಹೂರಣ ರುಬ್ಬುತ್ತಾ ಹಾಡಿಕೊಂಡೆ. ನಾನು ಹಾಡುವುದು ಬಲು ಅಪರೂಪ, ಅಪ್ಪ ಹೆದರಿದರು.

ಹಬ್ಬದ ಬೆಳಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಗಿಂಡಿ.

ಸುಮ್ಮನೆ ನಿಂತಿತ್ತು, ಮೂತಿಯನ್ನು ಸ್ವಲ್ಪ ಮೇಲೆತ್ತಿಕೊಂಡು. ಎದುರು ಮನೆಯವರು ರಂಗೋಲಿ ಬಿಟ್ಟು ಎದ್ದರು, ಅವರ ಪಕ್ಕದವರು ಬಂದರು, ಕ್ಷಣದಲ್ಲಿ ಜಾತ್ರೆ. "ಅಯ್ಯೋ ಪಾಪ, ನಾಲ್ಕನೇದೂ ಬಂತಲ್ಲೇ," ಎಂದಿತು ಒಂದು ದನಿ. ನಾನು ಅಳುತ್ತಲೇ ಅರಿಸಿನದ ನೀರು ಹಾಕಿದೆ, ಅಳುತ್ತಲೇ ಕುಂಕುಮ ಇಟ್ಟೆ. "ಏನಾಯ್ತು ಮಗಳೇ?" ಎಂದೂ ಕೇಳಿದೆ. ಬೋರಲಿಂಗಪ್ಪನವರೂ ಬಂದರು. ನನಗೆಂದು ಉಜ್ಜಿಟ್ಟಿದ್ದ ಮುದ್ರೆ ಅವರ ಜೇಬಿನಲ್ಲೇ ಇತ್ತು. ಅದು ಗೊತ್ತಾದದ್ದು ಅವರು ಜೇಬಿನ ಮೇಲೆ ಕೈಯಿಟ್ಟು ಮುಚ್ಚಿಕೊಂಡಾಗ. "ನಾಳಿದ್ದರಿಂದ ಮುಚ್ಚಳದ ಸೆಕ್ಷನ್ನಿಗೆ ಬಾರಮ್ಮ. ನನಗೂ ಬೇಜಾರೇ," ಎಂದರು.

ನಾನು ಗಿಂಡಿಯನ್ನು ಎತ್ತಿ ತಿರುಗಿಸಿ ನೋಡಿದೆ. ಹೊಟ್ಟೆ ಒಣಗಿತ್ತು. ತಳ ಒಣಗಿತ್ತು. ಅಲ್ಲಾಡಿಸಿದರೆ ಒಳಗೆ ಎಣ್ಣೆ ಗುಳುಗುಳು ಎನ್ನುತ್ತಿದೆ! ಹೊರಗೆ ಮಾತ್ರ ಒಂದು ಹನಿಯಿಲ್ಲ. ಹಾಗಾದರೆ ಬಂದದ್ದು ಯಾಕೆ? ಹಿಡಿ ಸರಿಯಿಲ್ಲವೇ? ಭಾರವಾಯಿತೇ? ತಲೆ ಕೆಟ್ಟು ನಿಂತಿರುವಾಗ ಬೀದಿಯ ತಿರುವಿನಲ್ಲಿ ಕೂಗು ಕೇಳಿಸಿತು.

"ಎಲ್ಲೇ ಅವಳು? ನನ್ನ ಗಿಂಡಿ ಎಲ್ಲಿ?"

ಚೆನ್ನಾಜಮ್ಮ. ಕೈಯಲ್ಲಿ ಸೌಟು, ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಉಸಿರು ಬಿಡುತ್ತಾ. ಯಾವ ವಸ್ತು ಮನೆ ಬಿಟ್ಟು ಹೋದರೂ ಪೀಡೆ ತೊಲಗಿತು ಎನ್ನುವವರು, ಹಿಂದೆಯೇ ಓಡಿಬಂದದ್ದನ್ನು ಊರು ಮೊದಲ ಸಲ ನೋಡಿತು. "ಸಾಸಿವೆ ಕೈಯಲ್ಲಿ ಹಿಡ್ಕೊಂಡು ತಿರುಗಿ ನೋಡ್ತೀನಿ, ಇಲ್ಲ! ಹೇಳಿಲ್ಲ ಕೇಳಿಲ್ಲ! ನಾನೇನು ಕಮ್ಮಿ ಮಾಡಿದ್ನೇ ಅವಳಿಗೆ? ದಿನಾ ಬೂದಿ ಹಾಕಿ ಬೆಳಗಿಲ್ವಾ?"

"ನಿಮ್ಮ ಕೈಗೆ ಒಗ್ಗಲಿಲ್ಲವೇನೋ ಅಮ್ಮ," ಎಂದರು ಬೋರಲಿಂಗಪ್ಪ.

"ಯಾರ್ರೀ ಹೇಳಿದ್ದು? ಮೂತಿ ಒರೆಸೋದನ್ನೇ ಮರ್ತಿದೀನಿ. ತಲೆಗೆ ಎಣ್ಣೆ ಹಚ್ಚೋಕೆ ಈಗ ಬೇರೆ ಶೀಸೆ ಇಟ್ಕೊಂಡಿದೀನಿ, ಗೊತ್ತಾ?"

ಆಗ ನನ್ನ ಹಿಂದೆ ಅಪ್ಪ ಕೆಮ್ಮಿದರು. ಆ ಕೆಮ್ಮು ನನಗೆ ಗೊತ್ತು, ಏನೋ ಎಡವಟ್ಟು ಮಾಡಿರುವಾಗಿನ ಕೆಮ್ಮು.

"ನಿನ್ನೆ ಸಾಯಂಕಾಲ ಆ ಕಡೆ ಹೋಗಿದ್ದೆ ಕಣೇ ಪದ್ಮೀ," ಎಂದರು. "ಮಾಡಿದೋಳು ನೀನು, ನಾನು ಹೋಗಬಾರದು ಅಂತೇನೂ ಇಲ್ವಲ್ಲ. ಅಡಿಗೆ ಮನೆ ಕಿಟಕೀಲಿ ಕಂಡ್ಲು. ಪಳಪಳ ಅಂತಿದ್ಲು. ನೋಡಿ ವರ್ಷ ಆಗಿತ್ತು. 'ಹಬ್ಬಕ್ಕೆ ಬಾರಮ್ಮ' ಅಂದ್ಬಿಟ್ಟೆ."

"ಅಪ್ಪಾ!"

"ಬಾಯಿ ತಪ್ಪಿ ಬಂತು. ಗೌರಿ ಹಬ್ಬ, ಹೆಣ್ಣುಮಗಳು... ಕರೀದೆ ಹೆಂಗಿರೋದು?"

"ನಿಂಗೆ ಬುದ್ಧಿಗಿದ್ದಿ ಇದೆಯಾ? ಒಂದು ದಿನ, ಒಂದೆರಡು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ?" ಎಂದು ನಾನು ಕಿರುಚಿದೆ. ನಮ್ಮೂರಿನಲ್ಲಿ ವಸ್ತುಗಳು ಇಷ್ಟು ಕಾಲ ತವರಿಗೆ ಬಂದಿವೆ, ಆದರೆ ಬಾ ಎಂದು ಯಾರೂ ಯಾವತ್ತೂ ಕರೆದಿರಲಿಲ್ಲ. ಸೌಟನ್ನು ಹಬ್ಬಕ್ಕೆ ಕರೆಯುವವರು ಯಾರು?

ಬೋರಲಿಂಗಪ್ಪ ತಲೆ ಕೆರೆದುಕೊಂಡರು. "ಕರೆದ್ರೋ ಬಿಟ್ರೋ, ಬಂದದ್ದು ಬಂದಂಗೆ. ನಿಯಮ ಅಂದ್ರೆ ನಿಯಮ."

ಚೆನ್ನಾಜಮ್ಮ ಸೌಟನ್ನು ಅವರ ಮೂಗಿನ ಹತ್ತಿರ ತಂದರು. "ಅಲ್ಲಯ್ಯಾ ಬೋರಲಿಂಗ, ನಿನ್ನ ಹೆಂಡ್ತಿ ಈಗೆಲ್ಲಿ?"

"ಹಬ್ಬಕ್ಕೆ ತವರಿಗೆ ಹೋಗಿದಾಳೆ."

"ನೀನು ಸರಿಯಿಲ್ಲ ಅಂತ ಹೋದ್ಲಾ?"

ಬೀದಿಗೆ ಬೀದಿಯೇ ನಕ್ಕಿತು. ಬೋರಲಿಂಗಪ್ಪನವರ ಕಿವಿ ಕೆಂಪಾಯಿತು. "ಆಯ್ತಮ್ಮ, ಒಪ್ಪಿದೆ. ಆದ್ರೆ ಇದು ಹಬ್ಬಕ್ಕೆ ಬಂದದ್ದೋ ಮುನಿಸಿಕೊಂಡು ಬಂದದ್ದೋ, ಹೆಂಗೆ ತಿಳಿಯೋದು?"

"ಅದೇನು ಬ್ರಹ್ಮವಿದ್ಯೆಯೇ? ಮುನಿಸಿಕೊಂಡು ಬಂದೋಳು ಕರೆದ್ರೂ ಹೋಗಲ್ಲ. ಹಬ್ಬಕ್ಕೆ ಬಂದೋಳು ಬೇಡ ಅಂದ್ರೂ ಹೊರಡ್ತಾಳೆ."

ಹಾಗೆ ತೀರ್ಮಾನವಾಯಿತು. ಗೌರಿಯನ್ನು ಕಳಿಸುವ ದಿನದವರೆಗೆ ಗಿಂಡಿ ನಮ್ಮಲ್ಲೇ ಇರಬೇಕು. ಯಾರೂ ಹೋಗು ಅನ್ನಬಾರದು, ಬಾ ಅನ್ನಬಾರದು, ಎತ್ತಿಕೊಂಡು ಹೋಗಬಾರದು. ಆ ದಿನ ತಾನಾಗಿ ಎದ್ದು ಚೆನ್ನಾಜಮ್ಮನವರ ಮನೆಗೆ ಹೊರಟರೆ ಮುದ್ರೆ. ಉಳಿದರೆ ಮುಚ್ಚಳ. ತವರಿಗೆ ಬಂದ ವಸ್ತು ತಾನಾಗಿ ತಿರುಗಿ ಹೋದದ್ದನ್ನು ನಮ್ಮೂರಿನಲ್ಲಿ ಕಂಡವರಿರಲಿಲ್ಲ.

ಚೆನ್ನಾಜಮ್ಮ ಗಿಂಡಿಯಿಲ್ಲದ ಅಡಿಗೆಮನೆಗೆ ಹೋಗಲೊಲ್ಲೆ ಎಂದು ನಮ್ಮಲ್ಲೇ ಠಿಕಾಣಿ ಹೂಡಿದರು. ಅವರು ಕೂತ ನಮ್ಮ ಕುರ್ಚಿ ಆ ಸಂಜೆಯೇ ಬಡಗಿಯ ಮನೆಗೆ ಹೊರಟುಹೋಯಿತು. ನನ್ನ ಒಬ್ಬಟ್ಟಿಗೆ ಬೆಲ್ಲ ಜಾಸ್ತಿ, ಅಪ್ಪನ ಗೊರಕೆಗೆ ತಾಳವಿಲ್ಲ, ನಮ್ಮ ಕಿಟಕಿಗೆ ಗಾಳಿಯ ಮರ್ಯಾದೆ ಗೊತ್ತಿಲ್ಲ. ಬೈಯುತ್ತಲೇ ಎರಡೆರಡು ಸಲ ಬಡಿಸಿಕೊಂಡರು. ಗಿಂಡಿಯೋ, ಗೂಡಿನಲ್ಲಿ ಆ ಮೂರು ಹಳೆಯ ಗಿಂಡಿಗಳ ಪಕ್ಕ ಹಾಯಾಗಿ ಕೂತಿತ್ತು. ಅಜ್ಜಂದಿರ ಜೊತೆ ಅದೆಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ನಾನು ಗೂಡಿಗೆ ಬೆನ್ನು ಮಾಡಿಯೇ ಓಡಾಡಿದೆ. ಅಪ್ಪ ಬಂದು ನಿಂತು ನೋಡಿ, "ಇಲ್ಲೇ ಇದ್ರೂ ಮನೆಗೆ ಲಕ್ಷಣ ಕಣೇ" ಎಂದರು. ನಾನು ನೋಡಿದ ನೋಟಕ್ಕೆ ಹಿತ್ತಿಲಿಗೆ ಹೋದರು.

ಕಳಿಸುವ ದಿನ ಬಂತು. ಗೌರಿಗೆ ಮೊಸರನ್ನದ ನೈವೇದ್ಯವಾಯಿತು. ಹೆಂಗಸರು ಹಾಡುತ್ತಾ ಮೂರ್ತಿಯನ್ನು ಬಾವಿಯ ಕಡೆಗೆ ಒಯ್ದರು. ನಾನು ಗಿಂಡಿಯ ಹಿಡಿಗೆ ಗೌರಿದಾರ ಕಟ್ಟಿದೆ. ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುತ್ತಾರೆಯೇ, ಹೊಸ ಎಳ್ಳೆಣ್ಣೆಯನ್ನು ಕಂಠದವರೆಗೆ ಸುರಿದೆ. ಅಪ್ಪ ಗಾಬರಿಯಾದರು. "ಅರ್ಧ ಸಾಕು ಕಣೇ, ದಾರಿ ದೂರ, ಚೆಲ್ಲುತ್ತೆ."

"ಮಡಿಲನ್ನ ಯಾರಾದರೂ ಅರ್ಧ ತುಂಬ್ತಾರಾ?" ಎಂದೆ. ಹೊಸ್ತಿಲ ಒಳಗೆ ಇಟ್ಟು ಕೈಕಟ್ಟಿ ನಿಂತೆ. ಬೀದಿಯ ಎರಡೂ ಬದಿಗೆ ಊರು ನಿಂತಿತ್ತು. ಬಾವಿಯ ಕಡೆಯಿಂದ ಹಾಡು ಕೇಳುತ್ತಿತ್ತು. ಹಾಡು ನಿಂತಿತು. ಗಿಂಡಿ ಮಾತ್ರ ಮಿಸುಕಲಿಲ್ಲ. ಬೋರಲಿಂಗಪ್ಪ ನೆಲ ನೋಡಿದರು. ಚೆನ್ನಾಜಮ್ಮನವರ ತುಟಿ ಅದುರುತ್ತಿತ್ತು, ಕರೆಯಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಆಯಿತು, ಮುಚ್ಚಳವೇ ನನ್ನ ಹಣೆಬರಹ ಎಂದುಕೊಂಡೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ. ಬಂದೆಯಲ್ಲ, ಇರು, ನಮ್ಮ ಮನೆಯಲ್ಲೇ ಇರು ಎನ್ನಿಸಿತು.

ಆಗ ಗಿಂಡಿ ಒಮ್ಮೆ ಓಲಾಡಿತು. ತುಂಬಿದ ಹೊಟ್ಟೆ ಹೊತ್ತು, ನಿಧಾನಕ್ಕೆ, ಹೊಸ್ತಿಲು ದಾಟಿತು. ಮೆಟ್ಟಿಲಿಳಿಯಿತು. ಮೂತಿಯನ್ನು ಒಂದು ಸಲ ನಮ್ಮ ಕಡೆ ತಿರುಗಿಸಿ, ಮತ್ತೆ ಮುಂದೆ ಮಾಡಿಕೊಂಡು, ಚೆನ್ನಾಜಮ್ಮನವರ ಬೀದಿಯತ್ತ ಹೊರಟಿತು. ಯಾರೋ ಹೋ ಎಂದು ಕೂಗಿದರು. ಚೆನ್ನಾಜಮ್ಮ ಬಾಯಿಂದ ಸೆರಗು ತೆಗೆದು, "ಮೆಲ್ಲಗೆ ಕಣೇ, ಕಲ್ಲು ಜಾರುತ್ತೆ!" ಎನ್ನುತ್ತಾ ಅದರ ಹಿಂದೆ ನಡೆದರು.

ಈಗ ಆ ಗಿಂಡಿ ಊರಿನ ಎಲ್ಲ ಅಡಿಗೆಮನೆಗಳಲ್ಲಿದೆ, ತಳದಲ್ಲಿ ನನ್ನ ಹೆಸರಿದೆ, ಗೌರಿ ಹಬ್ಬ ಬಂದರೆ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅವತ್ತು ಬೋರಲಿಂಗಪ್ಪ ನನ್ನ ಅಂಗೈಯಲ್ಲಿ ಮುದ್ರೆಯಿಟ್ಟು ಏನೋ ಒಳ್ಳೆಯ ಮಾತು ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ನಾನು ನೋಡುತ್ತಿದ್ದುದು ಅಪ್ಪನನ್ನು. ಗಿಂಡಿ ಹೋದ ದಾರಿಯಲ್ಲಿ ಅವರು ಮಂಡಿಯೂರಿಕೊಂಡು ಹೋಗುತ್ತಿದ್ದರು. ತಮ್ಮಪ್ಪನ ಎಣ್ಣೆ, ತಮ್ಮ ಎಣ್ಣೆ ಕುಡಿದ ಆ ಕಲ್ಲುಗಳನ್ನು ಒಂದೊಂದಾಗಿ ಅಂಗೈಯಲ್ಲಿ ಸವರುವುದು, ಅಂಗೈ ಮೂಸುವುದು, ಪಂಚೆಗೆ ಒರೆಸಿ ಪಂಚೆಯನ್ನು ನೋಡುವುದು. ತಿರುವಿನವರೆಗೂ ಹಾಗೇ ಹೋದರು. ಅಲ್ಲಿ ಕೂತೇ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರು ಧಾರಾಕಾರ, ಮುಖದ ತುಂಬ ನಗು.

"ಒಂದು ತೊಟ್ಟೂ ಇಲ್ಲ ಕಣೇ ಪದ್ಮೀ," ಎಂದು ಕೂಗಿದರು. "ಮಗಳು ಸುಖವಾಗಿದಾಳೆ!"